ಡಿವಿಡಿ ಬರೆಯುವುದು ಅರ್ಧಕ್ಕೇ ನಿಲ್ಲುತ್ತಿದೆ: ಅನುಭವವಿದ್ದವರು ತಿಳಿಸಿ

ತುಮಕೂರಿನಿಂದ: ತಂಗಿಯ ಮದುವೆಯ ವಿಡಿಯೊವನ್ನು ಡಿವಿಡಿಗೆ ಬರೆಯುವಾಗ ಶೇ. 70ರ ಸುಮಾರಿಗೆ ದೋಷ ಬಂದು ನಿಲ್ಲುತ್ತದೆ. ಪೂರ್ತಿಯಾದ ಒಂದೆರಡು ಡಿಸ್ಕ್‌ಗಳೂ ಟಿವಿ ಪಕ್ಕದ ಪ್ಲೇಯರ್‌ನಲ್ಲಿ ಓಡುವುದಿಲ್ಲ. ವಿಂಡೋಸ್ ಎಕ್ಸ್‌ಪಿ, ಐಡಿಇ (ಹಳೆಯ ಅಗಲ ಕೇಬಲ್ಲಿನ) ರೈಟರ್. ಹೊಸ ರೈಟರ್ ಕೊಳ್ಳಬೇಕೇ?

ಹಾಸನದಿಂದ: ದಯವಿಟ್ಟು ಕೊಳ್ಳಬೇಡಿ, ನಾನು ಕೊಂಡು ಕೆಟ್ಟವನು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ 1,450 ರೂಪಾಯಿ ಕೊಟ್ಟು ತಂದ ಹೊಸ ರೈಟರ್ ಮೂರನೆಯ ದಿನಕ್ಕೆ ಹಳೆಯದರ ರಾಗವನ್ನೇ ಹಾಡಿತು. ಬಸ್ ಚಾರ್ಜು ಬೇರೆ; 15 ರೂಪಾಯಿಯ 11 ಡಿಸ್ಕ್‌ಗಳೆಂದರೆ 165 ರೂಪಾಯಿ ಅದೂ ಹೋಯಿತು. ಟೈಮ್‌ಔಟ್ ಅಥವಾ ಸಿಆರ್‌ಸಿ ದೋಷ (ಡೇಟಾ ಸಮಯಕ್ಕೆ ಬಾರದಿದ್ದರೆ ಅಥವಾ ತಪ್ಪಾಗಿ ಬಂದರೆ ಆಗುವುದು) ಒಟ್ಟು 6 ಬಾರಿ ಕಂಡರೆ ಎಕ್ಸ್‌ಪಿ ತಾನಾಗಿಯೇ ಡಿಎಂಎ ಎಂಬ ವೇಗದ ಡೇಟಾ ಸಾಗಣೆಯಿಂದ ಪಿಐಒ ಎಂಬ ನಿಧಾನದ ಸಾಗಣೆಗೆ ಇಳಿಯುತ್ತದೆ, ಮತ್ತೆ ತಾನಾಗಿ ಮೇಲೇರುವುದಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಮಗ ಹಾಕಿದ್ದ ಗೀರು ಬಿದ್ದ ಸಿಡಿಯೇ ಇದಕ್ಕೆಲ್ಲ ಮೂಲ. ಡಿವೈಸ್ ಮ್ಯಾನೇಜರ್‌ನಲ್ಲಿ ರೈಟರ್ ಇದ್ದ ಸೆಕೆಂಡರಿ ಐಡಿಇ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದೆ. ಒಂದು ಪೈಸೆಯೂ ಖರ್ಚಾಗಲಿಲ್ಲ.

ಮೈಸೂರಿನಿಂದ: ಡಿಎಂಎ ಕಥೆ ಎಲ್ಲರಿಗೂ ಅನ್ವಯಿಸುವುದಿಲ್ಲ. ನಾನು ಒಂದಕ್ಕೆ 9 ರೂಪಾಯಿಯಂತೆ 50 ಡಿಸ್ಕ್‌ಗಳ ಡಬ್ಬ ತಂದೆ, 23 ಹಾಳಾದವು. ಅವನ್ನು ದಾರಕ್ಕೆ ಪೋಣಿಸಿ ಸೀಬೆ ಮರಕ್ಕೆ ಕಟ್ಟಿದ್ದೇನೆ, ಗಿಳಿಗಳು ಈಗ ಅವಕ್ಕೂ ಹೆದರುವುದಿಲ್ಲ. ಹಾಳಾದ ಡಿಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಬರೆದ ಭಾಗದ ಗಾಢ ಬಣ್ಣ ಹೊರ ಅಂಚಿಗೆ ಒಂದು ಬೆರಳಿನಷ್ಟು ಮೊದಲೇ ನಿಂತಿರುತ್ತಿತ್ತು. ಬರವಣಿಗೆ ಒಳಗಿನಿಂದ ಹೊರಕ್ಕೆ ಸಾಗುತ್ತದೆ. 16ಎಕ್ಸ್ (ಮೂಲ ವೇಗದ 16 ಪಟ್ಟು) ಎಂಬ ವೇಗ ಸಿಗುವುದೇ ಹೊರ ಅಂಚಿನಲ್ಲಿ, ಅಗ್ಗದ ಡಿಸ್ಕ್ ಸೋಲುವುದೂ ಅಲ್ಲೇ. ಒಳ್ಳೆಯ ಡಿಸ್ಕ್ ತಂದು 8ಎಕ್ಸ್‌ನಲ್ಲಿ ಬರೆದ ಮೇಲೆ ನನ್ನದು ಒಂದೂ ಕೆಟ್ಟಿಲ್ಲ.

ಹಾಸನದಿಂದ: ಕೈಸುಟ್ಟುಕೊಂಡು ಕಲಿತದ್ದನ್ನು ಕಥೆ ಎನ್ನಬೇಡಿ. ಪಿಐಒದಲ್ಲಿ ಬಫರ್ (ಬರೆಯಬೇಕಾದ ಡೇಟಾ ಕಾದಿರುವ ಜಾಗ) ಖಾಲಿಯಾಗುತ್ತಿದ್ದರೆ ನಿಮ್ಮ ಒಳ್ಳೆಯ ಡಿಸ್ಕ್ ಏನು ಮಾಡೀತು?

ಹುಬ್ಬಳ್ಳಿಯಿಂದ: ಬಫರ್ ಖಾಲಿಯಾಗಿ ಡಿಸ್ಕ್ ಕೆಡುವ ಕಾಲ ಮುಗಿದಿದೆ. ಸ್ಯಾನ್ಯೊದವರ ಬರ್ನ್-ಪ್ರೂಫ್ ತಂತ್ರ 2000ದಲ್ಲೇ ಬಂತು. ಡೇಟಾ ತಡವಾದರೂ ಲೇಸರ್ ನಿಂತ ಜಾಗದಿಂದಲೇ ಮುಂದುವರಿಯುತ್ತದೆ. ನನ್ನ ರೈಟರ್ ಕೆಡಿಸಿದ್ದು ಕಂಪ್ಯೂಟರಿಗೆ ವಿದ್ಯುತ್ ಕೊಡುವ ಬಡಕಲು ಎಸ್‌ಎಂಪಿಎಸ್. ಅಂಗಡಿಯವರು ಲೆನ್ಸ್ ಒರೆಸಿ 200 ರೂಪಾಯಿ ಕಿತ್ತರು, ಗುಣವಾಗಲಿಲ್ಲ.

ಹಾಸನದಿಂದ: ಹಾಗಾದರೆ ಮೂರು ತಾಸು ಬರೆದು ಕೊನೆಗೆ ಕೈಕೊಟ್ಟ ನನ್ನ ಡಿಸ್ಕ್‌ಗಳೆಲ್ಲ ಸುಳ್ಳೇ?

ಮೈಸೂರಿನಿಂದ: ಸುಳ್ಳೆಂದವರು ಯಾರು? 15 ರೂಪಾಯಿಯದು ಯಾವ ಕಂಪನಿಯ ಡಿಸ್ಕ್ ಎಂದು ಮೊದಲು ಹೇಳಿ.

ತುಮಕೂರಿನಿಂದ: 8ಎಕ್ಸ್‌ನಲ್ಲಿ ಒಂದು ಪೂರ್ತಿಯಾಯಿತು, ಧನ್ಯವಾದ. ಪ್ಲೇಯರ್ ಇನ್ನೂ ಓದುತ್ತಿಲ್ಲ.

ಮೈಸೂರಿನಿಂದ: ಫೈನಲೈಸ್ (ಬೇರೆ ಪ್ಲೇಯರ್ ಓದುವಂತೆ ಡಿಸ್ಕನ್ನು ಮುಗಿಸುವುದು) ಮಾಡಿದ್ದೀರಾ? ಹಾಸನದವರು ಇನ್ನೂ ಕಂಪನಿಯ ಹೆಸರು ಹೇಳಿಲ್ಲ.