ಮನೆ ವಿಮೆ ಇದ್ದ ಮೇಲೂ ಹೋಮ್ ವಾರಂಟಿ ಬೇಕೆ?

ಪ್ರಶ್ನೆ: ಅಮೆರಿಕದಲ್ಲಿ ಇಪ್ಪತ್ತು ವರ್ಷ ಹಳೆಯ ಮನೆಯೊಂದನ್ನು ಕೊಳ್ಳುತ್ತಿದ್ದೇವೆ. ಸಾಲ ಕೊಡುವ ಬ್ಯಾಂಕು ಮನೆ ವಿಮೆ ಕಡ್ಡಾಯವೆಂದಿದೆ. ಏಜೆಂಟರು ಹೋಮ್ ವಾರಂಟಿಯನ್ನೂ ಮಾಡಿಸಿ ಎನ್ನುತ್ತಿದ್ದಾರೆ. ಎರಡೂ ಒಂದೇ ಅಲ್ಲವೆ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ: ಒಂದೇ ಅಲ್ಲ. ನನಗೆ ಇದು ತಿಳಿದದ್ದು ನಮ್ಮ ಹಳೆಯ ವಾಟರ್ ಹೀಟರ್ ಒಡೆದು ಮನೆಯೊಳಗೆ ನೀರು ಹರಿದ ದಿನ. ನೆನೆದು ಉಬ್ಬಿದ ಮರದ ನೆಲಕ್ಕೂ ಹಾಳಾದ ಗೋಡೆಗೂ ವಿಮಾ ಕಂಪನಿಯು, ನಾವೇ ಭರಿಸಬೇಕಾದ ಡಿಡಕ್ಟಿಬಲ್ ಮೊತ್ತವನ್ನು ಕಳೆದು, ಹಣ ಕೊಟ್ಟಿತು. ಆದರೆ ಹೀಟರ್ ಸವೆದು ಹಾಳಾದದ್ದರಿಂದ ಅದರ ಬಾಬ್ತು ಒಂದು ಡಾಲರೂ ಬರಲಿಲ್ಲ. ವಿಮೆ ಇರುವುದು ಬೆಂಕಿ, ಬಿರುಗಾಳಿ, ಕಳವು, ಹಠಾತ್ತನೆ ಒಡೆದ ಪೈಪು ಇಂತಹ ಆಕಸ್ಮಿಕಗಳಿಗೆ, ಮತ್ತು ನಿಮ್ಮ ಮೆಟ್ಟಿಲಲ್ಲಿ ಜಾರಿಬಿದ್ದವರು ದಾವೆ ಹೂಡಿದರೆ ಮೈಮೇಲೆ ಬರುವ ಹೊಣೆಗೆ. ತಿಂಗಳುಗಟ್ಟಲೆ ತೊಟ್ಟಿಕ್ಕುತ್ತಿದ್ದ ನಲ್ಲಿಯಿಂದಾದ ನಷ್ಟವನ್ನು ಅವರು ನಿರ್ವಹಣೆಯ ಲೋಪವೆಂದು ಸಾಮಾನ್ಯವಾಗಿ ತಳ್ಳಿಹಾಕುತ್ತಾರೆ. ಬಳಕೆಯಿಂದ ಸವೆದ ಯಂತ್ರಗಳ ದುರಸ್ತಿಗೆ ಇರುವುದು ವಾರಂಟಿ. ಅದು ಹೆಚ್ಚಾಗಿ ಒಂದು ವರ್ಷದ ಸೇವಾ ಒಪ್ಪಂದ.

ಉತ್ತರ: ವಾರಂಟಿ ಇದೆಯೆಂದು ನಿಶ್ಚಿಂತರಾಗಬೇಡಿ. ನಮ್ಮ ಏಸಿ ನಿಂತಾಗ ಕಂಪನಿಯವರು ಕಳಿಸಿದ ಮೆಕ್ಯಾನಿಕ್ ಬಂದು ನೋಡಿದರು, ಭೇಟಿಯ ಶುಲ್ಕವನ್ನೂ ಕಟ್ಟಿದೆವು. ಕೊನೆಗೆ, ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಿದ ರಸೀದಿಗಳಿಲ್ಲವೆಂಬ ಕಾರಣಕ್ಕೆ ಕ್ಲೇಮು ತಿರಸ್ಕೃತವಾಯಿತು. ಆ ಸಂಕಟ ನಿಮಗೆ ಬಾರದಿರಲೆಂದೇ ಬರೆಯುತ್ತಿದ್ದೇನೆ. ಪ್ರತಿ ಯಂತ್ರಕ್ಕೆ ಗರಿಷ್ಠ ಎಷ್ಟು ಕೊಡುತ್ತಾರೆ, ಮೊದಲೇ ಇದ್ದ ದೋಷವನ್ನು ಹೇಗೆ ನಿರ್ಧರಿಸುತ್ತಾರೆ ಎಂಬುದನ್ನು ಸಹಿಗೆ ಮುಂಚೆ ಓದಿ, ಖರೀದಿಗೆ ಮುನ್ನ ಮಾಡಿಸಿದ ತಪಾಸಣೆಯ ವರದಿಯನ್ನು ಜೋಪಾನವಾಗಿಡಿ. ಯಂತ್ರಗಳು ಹೊಸವಾಗಿದ್ದರೆ ಆ ಹಣವನ್ನು ದುರಸ್ತಿಗೆಂದು ಬೇರೆಯಾಗಿ ಕೂಡಿಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಮಾರುವವರೇ ವಾರಂಟಿಯ ಖರ್ಚು ಕೊಡುವುದಾದರೆ ಬೇಡವೆನ್ನಬೇಡಿ.

ಉತ್ತರ: ಮೇಲಿನವರು ಹೇಳದ ಒಂದು ಮಾತು. ಹೊರಗಿನಿಂದ ನುಗ್ಗುವ ಪ್ರವಾಹವಾಗಲಿ ಭೂಕಂಪವಾಗಲಿ ಸಾಮಾನ್ಯ ಮನೆ ವಿಮೆಯಲ್ಲಿ ಸೇರುವುದಿಲ್ಲ. ಕೇಂದ್ರ ಸರ್ಕಾರದ ಪ್ರವಾಹ ವಿಮಾ ಯೋಜನೆಯಲ್ಲಿ ವಾಸದ ಕಟ್ಟಡಕ್ಕೆ 2,50,000 ಡಾಲರ್‌ವರೆಗೆ, ಒಳಗಿನ ಸಾಮಾನಿಗೆ 1,00,000 ಡಾಲರ್‌ವರೆಗೆ ರಕ್ಷಣೆ ಪಡೆಯಬಹುದು; ಆದರೆ ಸಾಲದ ಜೊತೆಯಲ್ಲೇ ಮಾಡಿಸದೆ ತಡವಾಗಿ ಮಾಡಿಸಿದರೆ ಸಾಮಾನ್ಯವಾಗಿ 30 ದಿನ ಕಾಯಬೇಕು. ಹಾಗೆಯೇ, ಪಾಲಿಸಿಯು ಹೊಸದರ ಬೆಲೆ ಕೊಡುತ್ತದೆಯೋ ಸವಕಳಿ ಕಳೆದು ಕೊಡುತ್ತದೆಯೋ ಎಂದು ವಿಮಾ ಏಜೆಂಟರಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಛಾವಣಿ ಹಳೆಯದಾಗಿದ್ದರೆ ಈ ವ್ಯತ್ಯಾಸ ಬಹಳ ದೊಡ್ಡದು.