ಮಾಡೆಲ್ ಎ ಕೂಪ್‌ನಿಂದ ಹಾಟ್ ರಾಡ್: ಮಾಡಿದವರು ಸ್ವಲ್ಪ ಹೇಳಿ

ಪ್ರಶ್ನೆ

ಓಹಾಯೋದಲ್ಲಿದ್ದೇನೆ. ಪಕ್ಕದ ಊರಿನ ಕೊಟ್ಟಿಗೆಯೊಂದರಲ್ಲಿ ನಿಂತಿದ್ದ 1930ರ ಫೋರ್ಡ್ ಮಾಡೆಲ್ ಎ ಕೂಪ್ (ಎರಡು ಬಾಗಿಲಿನ, ಗಟ್ಟಿ ಚಾವಣಿಯ ಕಾರು) ಕೊಂಡೆ. ಎಂಜಿನ್ ಓಡುತ್ತದೆ, ಬಾಡಿಯ ಕೆಳಭಾಗ ತುಕ್ಕು ತಿಂದಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಹುಡುಗರು ಕಟ್ಟುತ್ತಿದ್ದಂಥ ಹಾಟ್ ರಾಡ್, ಅಂದರೆ ವೇಗಕ್ಕಾಗಿ ಮಾರ್ಪಡಿಸಿದ ಹಳೇ ಕಾರು, ಮಾಡಬೇಕು. ಚಾವಣಿ 3 ಇಂಚು ತಗ್ಗಿಸಬೇಕು, ಫ್ಲಾಟ್‌ಹೆಡ್ ವಿ8 ಎಂಬ ಹಳೇ ಫೋರ್ಡ್ ಎಂಟು ಸಿಲಿಂಡರ್ ಎಂಜಿನ್ ಕೂರಿಸಬೇಕು, ಮೇಲೆ ಮೂರು ಕಾರ್ಬುರೇಟರ್. ನಿವೃತ್ತಿಯಾದ ಮೇಲೆ ಮೈಸೂರಿಗೆ ತರುವ ಆಸೆಯೂ ಇದೆ. ವೆಲ್ಡಿಂಗ್ ಅಲ್ಪಸ್ವಲ್ಪ ಬರುತ್ತದೆ. ಎಲ್ಲಿಂದ ಶುರು ಮಾಡಲಿ?

ಕ್ಯಾಲಿಫೋರ್ನಿಯಾದಿಂದ

ಸರ್, ನೀವು ಹೇಳಿದ್ದರಲ್ಲಿ ಬ್ರೇಕ್ ಕಾಣಲೇ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ನಾನೂ ಹಾಗೇ ಶುರು ಮಾಡಿದ್ದೆ.

ಮಾಡೆಲ್ ಎ ಎಂಜಿನ್ 40 ಅಶ್ವಶಕ್ತಿಯದು. ಬ್ರೇಕು ಕೂಡ ಅಷ್ಟಕ್ಕೇ ತಕ್ಕದ್ದು. ಪೆಡಲ್ ಒತ್ತಿದರೆ ಕಂಬಿಗಳು ಎಳೆಯುತ್ತವೆ, ಎಣ್ಣೆ ಗಿಣ್ಣೆ ಏನೂ ಇಲ್ಲ. ಫೋರ್ಡ್‌ನವರು ಹೈಡ್ರಾಲಿಕ್ ಬ್ರೇಕ್ ಕೊಟ್ಟಿದ್ದೇ 1939ರಲ್ಲಿ. ನಾನು 100 ಅಶ್ವಶಕ್ತಿಯ ವಿ8 ಕೂರಿಸಿಕೊಂಡು, ಹಳೇ ಬ್ರೇಕಿನಲ್ಲೇ ಇಳಿಜಾರಿಗೆ ಇಳಿದೆ. ಕೊನೆಗೆ ಪೆಡಲ್ ಮೇಲೆ ಎರಡೂ ಕಾಲಿಟ್ಟು ನಿಂತುಬಿಟ್ಟೆ. ಗಾಡಿ ಸಿಗ್ನಲ್ ದಾಟಿ ನಡುರಸ್ತೆಯಲ್ಲಿ ನಿಂತಿತು. ಅಡ್ಡ ಯಾರೂ ಬರಲಿಲ್ಲ, ಬದುಕಿದೆ.

1939ರಿಂದ 48ರವರೆಗಿನ ಫೋರ್ಡ್ ಡ್ರಮ್ ಬ್ರೇಕ್ ಹುಡುಕಿ. ಆಗಿನ ಹುಡುಗರೂ ಗುಜರಿಯಿಂದ ಅದನ್ನೇ ತರುತ್ತಿದ್ದರು, ಹಾಗಾಗಿ ಸಂಪ್ರದಾಯಕ್ಕೂ ಮೋಸವಿಲ್ಲ. ನಿಮ್ಮ ಮುಂದಿನ ಚಕ್ರ ತಿರುಗುವ ಅಚ್ಚು, ಅಂದರೆ ಸ್ಪಿಂಡಲ್‌ಗೆ ಅವು ನೇರವಾಗಿ ಕೂರುವುದಿಲ್ಲ. 1937–41ರ ಸ್ಪಿಂಡಲ್ ಜೊತೆಗೇ ಕೊಂಡರೆ ಅರ್ಧ ತಲೆನೋವು ಕಡಿಮೆ. ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಮಾತ್ರ ಈಗಿನ ಕಾಲದ ಎರಡು ಭಾಗದ್ದೇ ಹಾಕಿ. ಹಳೆಯದರಲ್ಲಿ ಒಂದು ಪೈಪ್ ಸೋರಿದರೆ ನಾಲ್ಕೂ ಚಕ್ರ ಕೈಕೊಡುತ್ತವೆ. ಹೊಸದು ಗಾಡಿಯ ನೆಲದಡಿಯಲ್ಲಿ ಕೂರುತ್ತದೆ, ಯಾರಿಗೂ ಕಾಣುವುದಿಲ್ಲ. ಅದು ಚಕ್ರದ ಸಿಲಿಂಡರ್‌ಗಿಂತ ಕೆಳಗಿರುವುದರಿಂದ ಎಣ್ಣೆ ವಾಪಸ್ ಹರಿದು ಬರುತ್ತದೆ. ಲೈನಿನಲ್ಲಿ 10 ಪಿಎಸ್‌ಐನ ರೆಸಿಡ್ಯುಯಲ್ ವಾಲ್ವ್ ಹಾಕಿ, ಅದು ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸಿ ಎಣ್ಣೆ ವಾಪಸ್ ಬರದಂತೆ ತಡೆಯುತ್ತದೆ. ಇದು ಗೊತ್ತಿಲ್ಲದೆ ಒಂದು ತಿಂಗಳು ಸುಮ್ನೆ ಏರ್ ತೆಗೆಯುತ್ತಾ ಕೂತಿದ್ದೆ.

ಮಿಷಿಗನ್‌ನಿಂದ

ಎಂಜಿನ್ ಬಗ್ಗೆ ನನ್ನದೊಂದು ಮಾತು. ಫ್ಲಾಟ್‌ಹೆಡ್ ಕೊಳ್ಳುವಾಗ ಬಣ್ಣ ನೋಡಬೇಡಿ. ಇದರಲ್ಲಿ ಎಕ್ಸಾಸ್ಟ್ ಹೊಗೆ ಬ್ಲಾಕ್‌ನ ಒಳಗಿಂದಲೇ ಹಾದು ಹೊರಬರುತ್ತದೆ. ಒಂದೊಂದು ಕಡೆ ನಾಲ್ಕು ಸಿಲಿಂಡರ್, ಹೊಗೆಗೆ ಇರುವ ಬಾಯಿ ಮೂರೇ. ಆ ಬಿಸಿಯೆಲ್ಲ ನೀರಿಗೆ ಸೇರುತ್ತದೆ. ವರ್ಷಗಟ್ಟಲೆ ಕುದ್ದು ಕುದ್ದು ವಾಲ್ವ್ ಕೂರುವ ಜಾಗದಿಂದ ಸಿಲಿಂಡರ್ ಕಡೆಗೆ ಬಿರುಕು ಬಿಡುತ್ತದೆ.

ನಾನು ಒಬ್ಬರ ಹತ್ತಿರ "ಪೂರ್ತಿ ರೆಡಿ" ಅಂದ ಎಂಜಿನ್ ಕೊಂಡೆ. ಹೊಳೆಯುವ ಹೆಡ್, ಹೊಸ ಬಣ್ಣ. ಮೆಷಿನ್ ಶಾಪ್‌ನಲ್ಲಿ ಮ್ಯಾಗ್ನಾಫ್ಲಕ್ಸ್ (ಅಯಸ್ಕಾಂತದಿಂದ ಬಿರುಕು ಹುಡುಕುವ ಪರೀಕ್ಷೆ) ಮಾಡಿಸಿದಾಗ ಕಬ್ಬಿಣದ ಪುಡಿ ಕೂದಲೆಳೆಯ ಹಾಗೆ ಗೆರೆ ಕಟ್ಟಿ ನಿಂತಿತು. ಒಂದಲ್ಲ, ನಾಲ್ಕು ಕಡೆ! ಅದು ಈಗ ನಮ್ಮ ಗ್ಯಾರೇಜಿನಲ್ಲಿ ಟೀಪಾಯಿ. ಹಣ ಕೊಡುವ ಮುಂಚೆಯೇ ಮ್ಯಾಗ್ನಾಫ್ಲಕ್ಸ್ ಮತ್ತು ಪ್ರೆಶರ್ ಟೆಸ್ಟ್ ಆಗಲಿ. ಒಪ್ಪದವರ ಹತ್ತಿರ ಕೊಳ್ಳಬೇಡಿ. ಮಾಡೆಲ್ ಎ ಬಾನೆಟ್ ಒಳಗೆ ವಿ8 ಬಂದರೆ ರೇಡಿಯೇಟರಿಗೂ ಫ್ಯಾನಿಗೂ ಜಾಗ ಬಹಳ ಕಡಿಮೆ, ಅದನ್ನೂ ಮೊದಲೇ ಅಳೆದುಕೊಳ್ಳಿ.

ಇನ್ನೊಂದು. ಮಾಡೆಲ್ ಎ ಕಾಗದಪತ್ರದಲ್ಲಿ ಇರುವುದು ಎಂಜಿನ್ ನಂಬರ್. ಎಂಜಿನ್ ಬದಲಾದ ಮೇಲೆ ತೋರಿಸಲು ಉಳಿಯುವುದು ಎಡಗಡೆಯ ಫ್ರೇಮ್ ಮೇಲಿನ ನಂಬರ್ ಒಂದೇ. ಅದು ಬಾಡಿಯ ಅಡಿಯಲ್ಲಿ ಅಡಗಿರುತ್ತದೆ. ಬಾಡಿ ಎತ್ತಿದಾಗ ಎರಡೂ ತಾಳೆಯಾಗುತ್ತವಾ ನೋಡಿ, ಫೋಟೋ ತೆಗೆದಿಡಿ.

ಟೆಕ್ಸಾಸ್‌ನಿಂದ, ಮೂಲ ಮಂಗಳೂರು

ಮಾರಾಯ್ರೆ, ಚಾವಣಿ ಕತ್ತರಿಸಲು ಅವಸರ ಬೇಡ. ಮಾಡೆಲ್ ಎ ಚಾವಣಿ ಹೊತ್ತ ಕಂಬಗಳು ಹೆಚ್ಚುಕಮ್ಮಿ ನೆಟ್ಟಗೆ ಇವೆ, ಗಾಜೆಲ್ಲ ಚಪ್ಪಟೆ, ಹಾಗಾಗಿ ಬೇರೆ ಕೂಪ್‌ಗಳಿಗಿಂತ ಸುಲಭವೇ. ಆದರೂ ನಾನು ಕೆಟ್ಟೆ. ಒಳಗೆ ಅಡ್ಡ ಪೈಪ್ ಕೊಟ್ಟು ಬಿಗಿಯದೆ ನಾಲ್ಕೂ ಕಂಬ ಕತ್ತರಿಸಿದೆ. ಬಾಡಿ ಬಾಯಿ ಬಿಟ್ಟಿತು. ಬಾಗಿಲು ಹಾಕಿದರೆ ಸಂದಿಯಲ್ಲಿ ಕಿರುಬೆರಳು ತೂರುತ್ತಿತ್ತು. ಅದನ್ನು ಸರಿ ಮಾಡಲು ಒಂದು ಚಳಿಗಾಲ ಪೂರ್ತಿ ಹೋಯಿತು. ಮೊದಲು ತುಕ್ಕು ಹಿಡಿದ ಕೆಳಭಾಗ ಸರಿಮಾಡಿ. ಆಮೇಲೆ ಬಾಗಿಲು ಹಾಕಿಟ್ಟು, ಒಳಗೆ ಪೈಪ್ ವೆಲ್ಡ್ ಮಾಡಿ, ಆಮೇಲೆ ಗರಗಸ. ಚಾವಣಿಯ ನಡುಭಾಗ ಬಟ್ಟೆ, ಅದರಡಿ ಮರದ ಪಟ್ಟಿ ಇವೆ. ಕಿಡಿ ಬಿದ್ದರೆ ಕಷ್ಟ, ಅವನ್ನು ಮೊದಲೇ ಬಿಚ್ಚಿಡಿ.

ಕತ್ತರಿಸುವ ಮುಂಚೆ ಒಂದು ಕೆಲಸ ಮಾಡಿ. ಮುಂದಿನ ಗಾಜಿನ ಮೇಲ್ಭಾಗಕ್ಕೆ 3 ಇಂಚು ರಟ್ಟು ಅಂಟಿಸಿ, ಒಂದು ವಾರ ಮನೆ ಸುತ್ತ ಓಡಿಸಿ. ಆಮೇಲೂ ಬೇಕು ಅನಿಸಿದರೆ ಕತ್ತರಿಸಿ.

ಅಂದಹಾಗೆ ಆ ಕಾಲದಲ್ಲಿ ಕೂಪ್‌ಗೆ ಮರ್ಯಾದೆಯೇ ಇರಲಿಲ್ಲ, ಗೊತ್ತುಂಟಾ? ಒಣಕೆರೆಗಳ ಮೇಲೆ ವೇಗದ ಓಟ ನಡೆಸಲು 1937ರಲ್ಲಿ ಹುಟ್ಟಿದ ಎಸ್‌ಸಿಟಿಎ ಎಂಬ ಸಂಘ ಮೊದಲು ಮುಖ್ಯವಾಗಿ ತೆರೆದ ರೋಡ್‌ಸ್ಟರ್‌ಗಳಿಗೆ ಜಾಗ ಕೊಡುತ್ತಿತ್ತು, ಕೂಪ್‌ಗಳಿಗೆ ಇಲ್ಲ. ಕೂಪ್‌ನವರು ರಸೆಟ್ಟಾ ಎಂಬ ಇನ್ನೊಂದು ಸಂಘಕ್ಕೆ ಹೋಗಬೇಕಿತ್ತು.

ಪೆನ್ಸಿಲ್ವೇನಿಯಾದಿಂದ

ಎಲ್ಲರೂ ವಿ8 ಅಂತಾರೆ. ನನ್ನ ಕೇಳಿದರೆ ನಾಲ್ಕು ಸಿಲಿಂಡರೇ ಇರಲಿ. 1932ರ ಮಾಡೆಲ್ ಬಿ ಎಂಜಿನ್ 50 ಅಶ್ವಶಕ್ತಿಯದು, ಹೆಚ್ಚು ಕತ್ತರಿಸದೆ ನಿಮ್ಮ ಫ್ರೇಮಿನಲ್ಲೇ ಕೂರುತ್ತದೆ. ನನ್ನ ಗಾಡಿಯಲ್ಲಿ ಹಳೇ ಎಂಜಿನ್ನಿಗೇ ಜಾಸ್ತಿ ಕಂಪ್ರೆಶನ್ ಕೊಡುವ ಹೆಡ್ ಹಾಕಿದ್ದೇನೆ, ಊರೊಳಗೆ ಸಾಕೋ ಸಾಕು. ಬಿಡಿಭಾಗಕ್ಕೆ ಅಕ್ಟೋಬರಿನಲ್ಲಿ ನಮ್ಮ ಹರ್ಷಿ ಊರಿನ ಹಳೇ ಕಾರುಗಳ ಸಂತೆಗೆ ಬನ್ನಿ. ನಡೆದೂ ನಡೆದೂ ಕಾಲು ಬಿದ್ದುಹೋಗುತ್ತದೆ, ಒಳ್ಳೇ ಶೂ ಹಾಕಿಕೊಳ್ಳಿ.

ಬೆಂಗಳೂರಿನಿಂದ

ಮೈಸೂರಿನ ಆಸೆ ಈಗಲೇ ಬಿಡಿ. ನಮ್ಮಲ್ಲಿ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗುವುದು 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ಗಾಡಿಗೆ. ಚಾಸಿ, ಬಾಡಿ, ಎಂಜಿನ್ ಮುಟ್ಟಿದರೆ ಅದು ವಿಂಟೇಜ್ ಅಲ್ಲ. ಊರಿಗೆ ತರಲೇಬೇಕು ಅಂದರೆ ಕೂಪನ್ನು ಹಾಗೇ ಇಟ್ಟುಕೊಳ್ಳಿ. ಹಾಟ್ ರಾಡ್ ಆದರೆ ಅದು ಅಮೆರಿಕದಲ್ಲೇ ಇರಲಿ.

ಕೇಳಿದವರಿಂದ, ಹತ್ತು ದಿನದ ನಂತರ

ಎಲ್ಲರಿಗೂ ಥ್ಯಾಂಕ್ಸ್. ರಟ್ಟು ಅಂಟಿಸಿ ಓಡಿಸಿದೆ. ನಾನು 6 ಅಡಿ ಎತ್ತರ. ಸಿಗ್ನಲ್ ನೋಡಲು ಪ್ರತಿ ಸಲ ಸ್ಟಿಯರಿಂಗ್ ಮೇಲೆ ಗದ್ದ ಇಡಬೇಕಾಯಿತು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ "ಯಾರಿಗೆ ನಮಸ್ಕಾರ ಮಾಡ್ತಿದ್ದೀರಿ" ಅಂತ ಕೇಳಿದಳು. ಚಾವಣಿ ಸದ್ಯಕ್ಕೆ ಇದ್ದ ಹಾಗೇ ಇರಲಿ. ಮೂರು ಕಾರ್ಬುರೇಟರಿಗೆ ಎತ್ತಿಟ್ಟ ಹಣದಲ್ಲಿ ಬ್ರೇಕ್ ಸಾಮಾನು ಹುಡುಕುತ್ತಿದ್ದೇನೆ. 1937–41ರ ಸ್ಪಿಂಡಲ್ ಯಾರ ಹತ್ತಿರವಾದರೂ ಇದ್ದರೆ ಹೇಳಿ.