300 ಎಂಎಂ ಲೆನ್ಸಲ್ಲಿ ಹಕ್ಕಿ ಫೋಟೋ: ಬಯಲು, ಕಾಡು, ನೀರು, ಮೂರರಲ್ಲೂ ಸೋತೆ

ಮಧುಗಿರಿ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ಕ್ರಾಪ್ ಸೆನ್ಸರ್ ಕ್ಯಾಮೆರಾ, ಜೊತೆಗೆ ಒಂದು 70-300 ಎಂಎಂ ಜೂಮ್ ಲೆನ್ಸ್ ತಗೊಂಡೆ. ಅಲ್ಲಿಂದ ಹಕ್ಕಿ ಹುಚ್ಚು ಹಿಡಿದಿದೆ.

ಮೂರು ಕಡೆ ಹೋದೆ. ಮೂರು ಕಡೆಯೂ ಬೇರೆ ಬೇರೆ ಥರ ಕೆಟ್ಟಿದೆ. ಮೈದೇನಹಳ್ಳಿ ಹುಲ್ಲುಗಾವಲಿನಲ್ಲಿ ಹ್ಯಾರಿಯರ್ ಅನ್ನುವ ಬೇಟೆ ಹಕ್ಕಿ ಕಂಡಿತು. ಬೆಳಿಗ್ಗೆ ಹನ್ನೊಂದು ಗಂಟೆ, ಒಳ್ಳೆ ಬಿಸಿಲು, ಶಟರ್ ಸೆಕೆಂಡಿನ 1/2000. ಆದರೂ ಫೋಟೋ ಕುದಿಯುವ ನೀರಿನ ಆವಿಯೊಳಗಿಂದ ನೋಡಿದ ಹಾಗಿದೆ. ಗಣೇಶಗುಡಿ ಕಾಡಿನಲ್ಲಿ ಮಲಬಾರ್ ಟ್ರೋಗನ್ ಹಕ್ಕಿ ಹತ್ತು ನಿಮಿಷ ಕೂತಿತ್ತು. ಐವತ್ತು ಫೋಟೋ ತೆಗೆದೆ, ಐವತ್ತೂ ಕಪ್ಪು. ಅದರಲ್ಲೂ ಬರೀ ಬೆನ್ನು. ರಂಗನತಿಟ್ಟಿನಲ್ಲಿ ಹಕ್ಕಿಗಳು ಹತ್ತಿರವೇ ಇದ್ದವು. ಆದರೆ ಚಮಚದ ಕೊಕ್ಕಿನ ಹಕ್ಕಿಯ ಮೈಮೇಲೆ ಒಂದು ಗರಿಯೂ ಕಾಣಲ್ಲ, ಸುಣ್ಣ ಬಳಿದ ಹಾಗಿದೆ.

150-600 ಲೆನ್ಸಿಗೆ ಸಾಲ ಮಾಡಲಾ? ಮನೆಯಲ್ಲಿ ಇನ್ನೂ ಹೇಳಿಲ್ಲ.

ಅರಸೀಕೆರೆ ಸ್ಟುಡಿಯೋ:

ಮೇಷ್ಟ್ರೇ, ಸಾಲ ಮಾಡಬೇಡಿ. ಮನೆಯಲ್ಲಿ ಹೇಳದೆ ಇದ್ದದ್ದು ಒಳ್ಳೇದೇ ಆಯಿತು.

ನಾನು ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆಯುವವನು. ಧನುರ್ಮಾಸದಲ್ಲಿ ಮದುವೆ ಇರಲ್ಲ, ಹ್ಯಾರಿಯರ್‌ಗಳು ಇರುತ್ತವೆ. ನನ್ನಂಥವರಿಗೇ ಮಾಡಿಟ್ಟ ತಿಂಗಳು ಅದು. ಹದಿನಾಲ್ಕು ವರ್ಷ ಹಾಗೇ ಕಳೆದಿದ್ದೇನೆ, ಹಾಳು ಮಾಡಿದ ಫೋಟೋಗಳಿಗೆ ಲೆಕ್ಕ ಇಲ್ಲ.

ಮೊದಲು ಬಯಲು. ಬೇಸಿಗೆಯಲ್ಲಿ ಟಾರು ರಸ್ತೆ ಮೇಲೆ ಬಿಸಿಲ್ಗುದುರೆ ನೋಡಿದ್ದೀರಲ್ಲ? ನಿಮ್ಮ ಫೋಟೋದಲ್ಲಿ ಇರುವುದೂ ಅದೇ. ನೆಲ ಕಾದು ಗಾಳಿ ಅಲುಗುತ್ತಿದೆ, ನೀವು ಆ ಗಾಳಿಯ ಮೂಲಕ ಹಕ್ಕಿ ನೋಡುತ್ತಿದ್ದೀರಿ. ಹನ್ನೊಂದು ಗಂಟೆಗೆ 600 ಲೆನ್ಸ್ ಹಿಡಿದರೆ ಹಕ್ಕಿಯ ಜೊತೆ ಆ ಅಲುಗಾಟವೂ ದೊಡ್ಡದಾಗುತ್ತದೆ, ಅಷ್ಟೇ. ಆರೂವರೆಗೆ ಅಲ್ಲಿರಿ, ಒಂಬತ್ತಕ್ಕೆ ಹೊರಟುಬಿಡಿ. ಹ್ಯಾರಿಯರ್ ಹುಲ್ಲಿನ ಮೇಲೆ ತಗ್ಗಿನಲ್ಲೇ ಉತ್ತು ಬಿತ್ತಿದ ಹಾಗೆ ಆ ಕಡೆಯಿಂದ ಈ ಕಡೆಗೆ ಹಾರುತ್ತದೆ. ಅಟ್ಟಿಸಿಕೊಂಡು ಹೋದರೆ ಸಿಗಲ್ಲ. ಬಂದ ಸಾಲಿನಲ್ಲೇ ಮತ್ತೆ ಬರುವುದು ಜಾಸ್ತಿ, ಅಲ್ಲೇ ಕಾಯಿರಿ. ಕಾರಿನಿಂದ ಇಳಿಯಬೇಡಿ, ಎಂಜಿನ್ ಆಫ್ ಮಾಡಿ. ಕಾರಿಗೆ ಹೆದರದ ಹಕ್ಕಿ ಮನುಷ್ಯನ ಕಾಲು ಕಂಡರೆ ಹೆದರುತ್ತದೆ. ಕಿಟಕಿ ಮೇಲೆ ಲೆನ್ಸ್ ಊರುವುದಕ್ಕೆ ನಾನು ಹಳೇ ದಿಂಬಿನ ಕವರಿಗೆ ಎರಡು ಕೆಜಿ ಹುರುಳಿಕಾಳು ತುಂಬಿ ಹೊಲಿಸಿದ್ದೇನೆ. ಒಂದು ಸಲ ನಮ್ಮ ಮನೆಯವರು ಬಿಚ್ಚಿ ಸಾರು ಮಾಡಿಬಿಟ್ಟಿದ್ದರು.

ಕಾಡು ಅಂದರೆ ಕರೆಂಟ್ ಹೋದ ಛತ್ರ. ಮೈದೇನಹಳ್ಳಿಯ 1/2000 ಅನ್ನೇ ಗಣೇಶಗುಡಿಗೂ ಹೊತ್ತುಕೊಂಡು ಹೋಗಿದ್ದೀರಿ ಅಂತ ನನ್ನ ಅನುಮಾನ. ಹಾರುವ ಹಕ್ಕಿಗೆ ಅದು ಬೇಕು. ಟ್ರೋಗನ್ ಕೂತರೆ ಕಂಬದ ಹಾಗೆ ಕೂತಿರುತ್ತದೆ. 1/125ಕ್ಕೆ ಇಳಿಸಿದರೆ ಹದಿನಾರು ಪಟ್ಟು ಬೆಳಕು, ಲೆಕ್ಕ ನಿಮಗೆ ನಾನು ಹೇಳಬೇಕಾ? ಮರಕ್ಕೆ ಒರಗಿ, ಅಲುಗಾಟ ತಡೆಯುವ ಸ್ಟೆಬಿಲೈಸರ್ ಆನ್ ಮಾಡಿ, ಒಂದೇ ಉಸಿರಿಗೆ ಐದಾರು ಕ್ಲಿಕ್ ಹೊಡೆಯಿರಿ. ಒಂದಾದರೂ ಶಾರ್ಪ್ ಬರುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಹೆದರಬೇಡಿ. ನಾಯ್ಸ್, ಅಂದರೆ ಫೋಟೋದಲ್ಲಿ ಬರುವ ಕಾಳುಕಾಳು, ಮನೆಯಲ್ಲಿ ಕೂತು ಸ್ವಲ್ಪ ಸರಿ ಮಾಡಬಹುದು, ಅಲುಗಿದ್ದನ್ನು ಸರಿ ಮಾಡಕ್ಕಾಗಲ್ಲ. ಇನ್ನು ಬೆನ್ನಿನ ವಿಷಯ. ನಮ್ಮನ್ನು ಕಂಡರೆ ಆ ಕೆಂಪು ಎದೆ ಮರೆಮಾಡಿ ಬೆನ್ನು ತಿರುಗಿಸಿ ಕೂರುವುದು ಅದರ ಗುಣ. ಕದಲದೆ ನಿಂತರೆ ಕೊಂಬೆ ಬದಲಿಸುವಾಗ ಒಂದು ಸಲ ಎದೆ ತೋರಿಸುತ್ತದೆ. ನಾನು ನಲವತ್ತು ನಿಮಿಷ ನಿಂತಿದ್ದೆ. ಸೊಳ್ಳೆಗಳಿಗೆ ಹಬ್ಬ.

ರಂಗನತಿಟ್ಟಿನದು ಮದುವೆ ಮನೆಯ ತಾಪತ್ರಯವೇ. ಬಿಸಿಲಲ್ಲಿ ಬಿಳಿ ಪಂಚೆ ಉಟ್ಟ ಮಾವನವರು, ಹಿಂದೆ ಕಪ್ಪು ಗೋಡೆ. ಕ್ಯಾಮೆರಾ ಗೋಡೆ ನೋಡಿ ಬೆಳಕು ಜಾಸ್ತಿ ಮಾಡುತ್ತದೆ, ಪಂಚೆಯ ನೆರಿಗೆ ಸುಟ್ಟುಹೋಗುತ್ತದೆ. ಅಲ್ಲಿ ಕಪ್ಪು ನೀರು, ಬಿಳಿ ಹಕ್ಕಿ. ಎಕ್ಸ್‌ಪೋಷರ್ ಮೈನಸ್ ಒಂದಕ್ಕೆ ಇಳಿಸಿ, ಒಂದು ಫೋಟೋ ತೆಗೆದು ಹಿಸ್ಟೋಗ್ರಾಂ (ಬೆಳಕಿನ ಗ್ರಾಫ್) ನೋಡಿ, ಆಮೇಲೆ ಮುಂದುವರಿಸಿ. ಆಕಾಶದಲ್ಲಿ ಹಾರುವ ಹಕ್ಕಿಗೆ ಇದರ ಉಲ್ಟಾ, ಪ್ಲಸ್ ಒಂದು. ದೋಣಿಯಲ್ಲಿ ಟ್ರೈಪಾಡ್ ಇಟ್ಟರೆ ದೋಣಿಯ ಅಲುಗಾಟವೆಲ್ಲ ಕ್ಯಾಮೆರಾಕ್ಕೆ. ಕೈಯಲ್ಲೇ ಹಿಡಿಯಿರಿ. ಅಲ್ಲಿಗೆ 300 ಧಾರಾಳ ಸಾಕು. ಪಕ್ಷಿತಜ್ಞ ಸಲೀಂ ಅಲಿಯವರ ಮಾತು ಕೇಳಿ ಮೈಸೂರು ಅರಸರು 1940ರಲ್ಲಿ ಕಾಪಾಡಿಟ್ಟ ಜಾಗ ಅದು. ಅಲ್ಲಿನ ಹಕ್ಕಿಗಳಿಗೆ ದೋಣಿ ಹೊಸದಲ್ಲ. ಕೊಕ್ಕರೆ ಬೆಳ್ಳೂರಿಗೂ ಹೋಗಿ ಬನ್ನಿ. ಊರೊಳಗಿನ ಮರಗಳಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಅಲ್ಲಿ ನನಗೆ 300ಕ್ಕಿಂತ ಕಡಿಮೆಯೇ ಬೇಕಾಯಿತು.

ಕಾಳಿ ದಂಡೆ:

ಎಲ್ಲ ಹೇಳಿದಿರಿ, ಮುಖ್ಯವಾದದ್ದು ಬಿಟ್ಟಿರಿ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಸುವುದು ಬೇಡ ಮೇಷ್ಟ್ರೇ, ಯಾರು ಹೇಳಿಕೊಟ್ಟರೂ ಬೇಡ.

ಅರಸೀಕೆರೆ ಸ್ಟುಡಿಯೋ:

ಬಿಟ್ಟಿದ್ದಲ್ಲ, ಹೇಳೋಕೆ ನಾಚಿಕೆ. ಶುರುವಿನಲ್ಲಿ ನಾನೂ ಹಾಕಿದ್ದೇನೆ. ಶಾಮಾ ಗಂಡು ಹಕ್ಕಿ ಓಡಿಬಂತು. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂತ ಅದಕ್ಕೆ ಗಾಬರಿ. ಅರ್ಧ ಗಂಟೆ ಒಂದು ಹುಳವನ್ನೂ ಹಿಡಿಯದೆ ಕೊಂಬೆಯಿಂದ ಕೊಂಬೆಗೆ ಹಾರುತ್ತಲೇ ಇತ್ತು. ಫೋಟೋ ಚೆನ್ನಾಗಿಯೇ ಬಂತು. ಎಲ್ಲೂ ಹಾಕಿಲ್ಲ.

ಬಯಲಿನಲ್ಲೂ ಒಂದು ಎಚ್ಚರ. ಟಿಟ್ಟಿಭ, ನೆಲಗುಬ್ಬಿ ನೆಲದ ಮೇಲೇ ಮೊಟ್ಟೆ ಇಡುತ್ತವೆ. ಕಾರು ದಾರಿ ಬಿಟ್ಟು ಇಳಿಯಬಾರದು. ಟಿಟ್ಟಿಭ ತಲೆ ಮೇಲೆ ಸುತ್ತುತ್ತಾ ಅರಚಿದರೆ ಮೊಟ್ಟೆಯೋ ಮರಿಯೋ ಹತ್ತಿರದಲ್ಲೇ ಇರುತ್ತದೆ. ಬಂದ ದಾರಿಯಲ್ಲೇ ವಾಪಸ್.

ಶಿರಹಟ್ಟಿ ಹುಡುಗ:

ಸರ್, ಜನವರಿಯಲ್ಲಿ ನಮ್ಮ ಕಡೆ ಮಾಗಡಿ ಕೆರೆಗೆ ಬನ್ನಿ. ಬೆಂಗಳೂರಿನ ಹತ್ತಿರದ ಮಾಗಡಿ ಅಲ್ಲ, ಗದಗ ಜಿಲ್ಲೆಯದು. ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರುತ್ತವೆ. ಕತ್ತಲಲ್ಲಿ ಹೊಲಕ್ಕೆ ಇಳಿದು ಮೇಯುತ್ತವೆ, ಬೆಳಗಾದ ಮೇಲೆ ಹಿಂಡು ಹಿಂಡಾಗಿ ಕೆರೆಗೆ ಮರಳುತ್ತವೆ. ಸುಮ್ನೆ ಏರಿ ಮೇಲೆ ಕೂತರೆ ಅವೇ ತಲೆ ಮೇಲೆ ಹಾದು ಹೋಗುತ್ತವೆ. ದಯವಿಟ್ಟು ನೀರಿನ ಅಂಚಿಗೆ ಇಳಿಯಬೇಡಿ. ಒಬ್ಬರು ಇಳಿದರೆ ಇಡೀ ಹಿಂಡು ಎದ್ದುಬಿಡುತ್ತದೆ, ಆಮೇಲೆ ಬಂದವರಿಗೆ ಬರೀ ನೀರು. ಕೊರಳಲ್ಲಿ ಸಂಶೋಧಕರು ಹಾಕಿದ ನಂಬರ್ ಪಟ್ಟಿ ಇರುವ ಹಕ್ಕಿ ಸಿಕ್ಕರೆ ಅಂದ ನೋಡದೆ ನಂಬರ್ ಕಾಣುವ ಹಾಗೆ ತೆಗೆಯಿರಿ. ಮಂಗೋಲಿಯಾದಲ್ಲಿ ಪಟ್ಟಿ ಹಾಕಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ.

ಮಧುಗಿರಿ ಮೇಷ್ಟ್ರು:

ಎಲ್ಲರಿಗೂ ಥ್ಯಾಂಕ್ಸ್. ಅಣ್ಣಾ, ನಿಮಗೆ ಹೇಳೋದು ಮರೆತಿದ್ದೆ, ನನ್ನ ಹತ್ತಿರ ಕಾರಿಲ್ಲ, ಸ್ಕೂಟರ್. ಆದರೂ ಈ ಭಾನುವಾರ ಆರೂಕಾಲಿಗೇ ಮೈದೇನಹಳ್ಳಿಯಲ್ಲಿದ್ದೆ. ದಾರಿ ಪಕ್ಕದ ಒಂದು ಪೊದೆಗೆ ಒರಗಿ, ತಲೆ ಮೇಲೆ ಖಾಕಿ ಟವೆಲ್ ಹೊದ್ದು ಕೂತೆ. ಮೂರು ಸಲ ದೂರದಲ್ಲೇ ಹೋಯಿತು. ನಾಲ್ಕನೇ ಸಲ ಅದೇ ಸಾಲಿನಲ್ಲಿ ನೇರ ನನ್ನ ಕಡೆಗೇ ಬಂತು. ಕಣ್ಣು ಹಳದಿ ಅಂತ ಮೊದಲ ಸಲ ಗೊತ್ತಾಯಿತು. ರೆಕ್ಕೆಯ ತುದಿ ಫ್ರೇಮಿನಿಂದ ಆಚೆ ಹೋಗಿದೆ, ಕಣ್ಣು ಮಾತ್ರ ಶಾರ್ಪ್.

ಅರಸೀಕೆರೆ ಸ್ಟುಡಿಯೋ:

300ರಲ್ಲಿ ರೆಕ್ಕೆ ಆಚೆ ಹೋಯಿತಾ? ಇನ್ನು 600 ಇದ್ದಿದ್ದರೆ ಬರೀ ಕೊಕ್ಕು ಸಿಗುತ್ತಿತ್ತು. ಫೋಟೋ ಹಾಕಿ ಮೇಷ್ಟ್ರೇ, ನೋಡೋಣ.